ತೊಗರಿ ಎಲೆಯಲ್ಲಿ ಮಿರ್-398 ಅಳೆಯುವ ಬಗೆ: ಎಲೆ ಕೀಳುವುದರಿಂದ ಪಿಸಿಆರ್ ತನಕ

ಮೈಕ್ರೋ ಆರ್‌ಎನ್‌ಎ ಎಂದರೆ 20ರಿಂದ 24 ಅಕ್ಷರ (ನ್ಯೂಕ್ಲಿಯೊಟೈಡ್) ಉದ್ದದ ಒಂದು ಚಿಕ್ಕ ಎಳೆ. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಅದರ ಕೆಲಸ ಬೇರೆ ಜೀನುಗಳ ಸಂದೇಶವಾಹಕ ಆರ್‌ಎನ್‌ಎಯನ್ನು ಹುಡುಕಿ ಕತ್ತರಿಸುವುದು, ಇಲ್ಲವೇ ಅದು ಪ್ರೋಟೀನಾಗದಂತೆ ತಡೆಯುವುದು. ಹೀಗಾಗಿ ಇದನ್ನೊಂದನ್ನೇ ಅಳೆದು "ಐದು ಪಟ್ಟು ಏರಿತು" ಎಂದು ಬರೆದರೆ ಅರ್ಧ ಕೆಲಸ ಮಾತ್ರ ಆಯಿತು. ಅದೇ ಎಲೆಯಲ್ಲಿ, ಅದೇ ಹೊತ್ತಿನಲ್ಲಿ, ಅದು ಕತ್ತರಿಸುವ ಸಂದೇಶ ಎಷ್ಟು ಉಳಿದಿದೆ ಎಂಬುದನ್ನೂ ಅಳೆಯಬೇಕು. ಕಲಬುರಗಿ, ಬೀದರ್, ಯಾದಗಿರಿ ಕಡೆ ಎಂಎಸ್ಸಿ, ಪಿಎಚ್‌ಡಿ ಮಾಡುವವರ ಕೈಗೆ ಸುಲಭವಾಗಿ ಸಿಗುವ ಗಿಡ ತೊಗರಿ. ಬಿಸಿಲಿಗೂ ಇಲ್ಲಿ ಬರವಿಲ್ಲ. ಆದ್ದರಿಂದ ಬಿಸಿಲಿನ ಹೊಡೆತಕ್ಕೆ ತೊಗರಿ ಎಲೆಯಲ್ಲಿ ಮಿರ್-398 ಎಂಬ ಮೈಕ್ರೋ ಆರ್‌ಎನ್‌ಎ ಹೇಗೆ ವರ್ತಿಸುತ್ತದೆ ಎಂಬುದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ.

ಮೊದಲು ಜೀವಕೋಶದೊಳಗೆ ನಡೆಯುವುದೇನು

ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ತಂಡಗಳು 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಮೊದಲ ಮೈಕ್ರೋ ಆರ್‌ಎನ್‌ಎ ಲಿನ್-4 ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದವು. ಆ ಕೆಲಸಕ್ಕೆ ಇಬ್ಬರಿಗೂ 2024ರಲ್ಲಿ ನೊಬೆಲ್ ಬಂತು. ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಇರುವುದು ಪ್ರಾಣಿಗಳ ದಾರಿ: ನ್ಯೂಕ್ಲಿಯಸ್‌ನಲ್ಲಿ ಡ್ರೋಷಾ ಒಮ್ಮೆ ಕತ್ತರಿಸುತ್ತದೆ, ಹೊರಗೆ ಬಂದ ಮೇಲೆ ಡೈಸರ್ ಇನ್ನೊಮ್ಮೆ ಕತ್ತರಿಸುತ್ತದೆ, ಆರ್ಗೊನಾಟ್ ಎಂಬ ಪ್ರೋಟೀನು ಒಂದು ಎಳೆಯನ್ನು ಹಿಡಿದುಕೊಳ್ಳುತ್ತದೆ. ಎಳೆಯ 2ರಿಂದ 8ನೇ ಅಕ್ಷರದವರೆಗಿನ ಭಾಗ ಸಂದೇಶದ ಬಾಲಕ್ಕೆ ಹೊಂದಿದರೆ ಸಾಕು, ಸಂದೇಶ ಅಡಗುತ್ತದೆ.

ಗಿಡಗಳಲ್ಲಿ ಹಾಗಲ್ಲ. ಇಲ್ಲಿ ಡ್ರೋಷಾ ಇಲ್ಲ. ಎರಡೂ ಕತ್ತರಿಯ ಕೆಲಸವನ್ನು ನ್ಯೂಕ್ಲಿಯಸ್‌ನೊಳಗೇ ಡಿಸಿಎಲ್-1 ಎಂಬ ಒಂದೇ ಕಿಣ್ವ ಮುಗಿಸುತ್ತದೆ. ಆಮೇಲೆ ಹೆನ್-1 ಎಂಬ ಕಿಣ್ವ ಎಳೆಯ ಕೊನೆಯ ಅಕ್ಷರಕ್ಕೆ ಒಂದು ಮೀಥೈಲ್ ಗುಂಪು ಅಂಟಿಸುತ್ತದೆ. ಬೂಟಿನ ಲೇಸಿನ ತುದಿ ಬಿಚ್ಚದಂತೆ ಪ್ಲಾಸ್ಟಿಕ್ ಹಾಕಿರುತ್ತಾರಲ್ಲ, ಹಾಗೆ. ಈ ಮೀಥೈಲ್ ನೆನಪಿರಲಿ, ಕಿಟ್ ಕೊಳ್ಳುವಾಗ ಇದರ ಮಾತು ಮತ್ತೆ ಬರುತ್ತದೆ. ಕೊನೆಗೆ ಎಳೆ ಆಗೊ-1ರೊಳಗೆ ಕೂರುತ್ತದೆ. ಗಿಡದ ಮೈಕ್ರೋ ಆರ್‌ಎನ್‌ಎ ತನ್ನ ಗುರಿಗೆ ಬಹುತೇಕ ಪೂರ್ತಿ ಉದ್ದಕ್ಕೆ ಹೊಂದಬೇಕು. ಹೊಂದಿದರೆ ಆಗೊ-1 ಆ ಸಂದೇಶವನ್ನು ಮೈಕ್ರೋ ಆರ್‌ಎನ್‌ಎಯ 10 ಮತ್ತು 11ನೇ ಅಕ್ಷರಗಳ ಎದುರಿಗೆ ಸರಿಯಾಗಿ ಎರಡು ತುಂಡು ಮಾಡುತ್ತದೆ. ಎಲ್ಲೋ ಆಚೀಚೆ ಅಲ್ಲ, ಅಲ್ಲೇ. ಗಿಡದಲ್ಲಿ ಕೆಲಸ ಮಾಡುವವರಿಗೆ ಇದೊಂದು ದೊಡ್ಡ ಅನುಕೂಲ, ಏಕೆಂದರೆ ಕತ್ತರಿಸಿದ ಗುರುತನ್ನು ಕಣ್ಣಾರೆ ನೋಡಬಹುದು.

ಮಿರ್-398ರ ಮುಖ್ಯ ಗುರಿ ತಾಮ್ರ-ಸತುವಿನ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವದ (ಹಾನಿಕರ ಸೂಪರಾಕ್ಸೈಡನ್ನು ಇಲ್ಲವಾಗಿಸುವ ಕಿಣ್ವ) ಜೀನುಗಳು, ಅಂದರೆ ಸಿಎಸ್‌ಡಿ-1 ಮತ್ತು ಸಿಎಸ್‌ಡಿ-2. ಪ್ರಯೋಗಾಲಯಗಳ ಮಾದರಿ ಗಿಡವಾದ ಅರಬಿಡಾಪ್ಸಿಸ್‌ನಲ್ಲಿ ಬಿಸಿ ತಾಗಿದಾಗ ಮಿರ್-398 ಏರುತ್ತದೆ, ಈ ಕಿಣ್ವಗಳು ಇಳಿಯುತ್ತವೆ. ಗಿಡಕ್ಕೆ ತಾಮ್ರ ಕಡಿಮೆಯಾದಾಗಲೂ ಅದು ಏರುತ್ತದೆ: ಇದ್ದ ತಾಮ್ರವನ್ನು ದ್ಯುತಿಸಂಶ್ಲೇಷಣೆಗೆ ಉಳಿಸಲು ತಾಮ್ರ ತಿನ್ನುವ ಈ ಕಿಣ್ವವನ್ನು ಗಿಡ ಕೈಬಿಡುತ್ತದೆ. ತಾಮ್ರ ಸಾಕಷ್ಟಿದ್ದರೆ ಮಿರ್-398 ಬಹಳ ತಗ್ಗುತ್ತದೆ. ಬರಕ್ಕೆ ಮಾತ್ರ ದ್ವಿದಳ ಗಿಡಗಳಲ್ಲಿ ಏರಿದ ವರದಿಯೂ ಇದೆ, ಇಳಿದ ವರದಿಯೂ ಇದೆ. ಆದ್ದರಿಂದ ಬಿಸಿ ಮತ್ತು ನೀರಿನ ಕೊರತೆ ಎರಡನ್ನೂ ಒಂದೇ ಕುಂಡದಲ್ಲಿ ಬೆರೆಸಬೇಡಿ.

ಗಿಡ ಮತ್ತು ಎಲೆ

ನಮ್ಮಲ್ಲಿ ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಗೆ ರಾಶಿಯಾಗುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಹೊಲದಲ್ಲಿ ಉಳಿಯುವುದು ತೊಗರಿ ಕಟ್ಟಿಗೆ ಮಾತ್ರ. ಹಾಗಾಗಿ ಬಿಸಿಯ ಪ್ರಯೋಗಕ್ಕೆ ಕುಂಡವೇ ಸರಿ. ಟಿಎಸ್-3ಆರ್ ಆಗಲಿ, ಇನ್ನಾವುದೇ ತಳಿಯಾಗಲಿ, ಒಂದೇ ಚೀಲದ ಬೀಜ ಬಳಸಿ. ಕಪ್ಪು ಮಣ್ಣೊಂದನ್ನೇ ತುಂಬಿದರೆ ಕುಂಡ ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಮಣ್ಣು, ಮರಳು, ಗೊಬ್ಬರ 2:1:1 ಬೆರೆಸಿ. 30ರಿಂದ 35 ದಿನದ ಗಿಡಗಳನ್ನು ಎರಡು ಗುಂಪು ಮಾಡಿ: ಒಂದು 28 ಡಿಗ್ರಿಯಲ್ಲಿ (ಇದು ನಿಯಂತ್ರಣ), ಇನ್ನೊಂದು 42 ಡಿಗ್ರಿಯಲ್ಲಿ 3 ತಾಸು. ಎರಡಕ್ಕೂ ಹಿಂದಿನ ಸಂಜೆ ಸಮನಾಗಿ ನೀರು ಹಾಕಿ. ಬಯಲಿನ ಬಿಸಿಲಿಗಿಂತ ಬೆಳವಣಿಗೆ ಚೇಂಬರ್ ಒಳ್ಳೆಯದು. ಬಯಲಿನಲ್ಲಿ ಬಿಸಿಯ ಜೊತೆ ಪ್ರಖರ ಬೆಳಕೂ ಒಣಗಾಳಿಯೂ ಬರುತ್ತವೆ, ಯಾವುದು ಏನು ಮಾಡಿತೆಂದು ಬಿಡಿಸಲಾಗದು.

ಇಲ್ಲಿ ಬಹಳ ಜನ ಎಡವುವುದು ಗಡಿಯಾರದ ವಿಷಯದಲ್ಲಿ. ನಿಯಂತ್ರಣ ಗಿಡದ ಎಲೆಯನ್ನು ಬೆಳಗ್ಗೆ 8ಕ್ಕೆ ಕಿತ್ತು, ಬಿಸಿ ತಾಗಿದ ಗಿಡದ ಎಲೆಯನ್ನು ಮಧ್ಯಾಹ್ನ 2ಕ್ಕೆ ಕಿತ್ತರೆ ನೀವು ಅಳೆದದ್ದು ಬಿಸಿಲನ್ನಲ್ಲ, ಹೊತ್ತನ್ನು. ಎರಡನ್ನೂ ಒಂದೇ ಗಳಿಗೆಯಲ್ಲಿ ಕೀಳಿ. ಎಲೆಯ ವಯಸ್ಸೂ ಹಾಗೆಯೇ. ಮಿರ್-156 ಎಂಬುದು ಗಿಡ ಬೆಳೆದಂತೆ ಇಳಿಯುತ್ತ ಹೋಗುತ್ತದೆ, ಮಿರ್-172 ಏರುತ್ತದೆ. ನಿಮ್ಮ ಗುರಿ ಮಿರ್-398 ಆದರೂ ಮೇಲಿನಿಂದ ಮೂರನೇ ಪೂರ್ತಿ ಬಿಚ್ಚಿದ ಎಲೆ ಎಂದು ಮೊದಲೇ ನಿಶ್ಚಯಿಸಿ ಅದನ್ನೇ ತೆಗೆದುಕೊಳ್ಳಿ.

ಹೊಲದ ಗಿಡವೇ ಬೇಕೆಂದರೆ ರೈತರನ್ನು ಎರಡು ಮಾತು ಕೇಳಿ. ನೆಟೆ ರೋಗಕ್ಕೆಂದು ಕಾಪರ್ ಆಕ್ಸಿಕ್ಲೋರೈಡ್ ಬುಡಕ್ಕೆ ಸುರಿದಿದ್ದಾರೆಯೇ? ಸುರಿದಿದ್ದರೆ ಆ ತಾಮ್ರದಿಂದಲೇ ಮಿರ್-398 ಅಡಗಿರಬಹುದು. ಗೊಡ್ಡು ರೋಗ ಬಂದ ಸಾಲೇ? ಹೌದಾದರೆ ಬಿಡಿ. ಅದು ನುಸಿ ಹರಡುವ ವೈರಸ್ ರೋಗ, ವೈರಸ್‌ಗಳು ಗಿಡದ ಚಿಕ್ಕ ಆರ್‌ಎನ್‌ಎ ವ್ಯವಸ್ಥೆಗೇ ಕೈ ಹಾಕುತ್ತವೆ.

ಪ್ರತಿ ಗುಂಪಿಗೆ ಕನಿಷ್ಠ 4 ಗಿಡ, ಪ್ರತಿ ಗಿಡದಿಂದ 100 ಮಿಲಿಗ್ರಾಂ ಎಲೆ. ಕಿತ್ತ ಅರ್ಧ ನಿಮಿಷದೊಳಗೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ದ್ರವ ಸಾರಜನಕಕ್ಕೆ ಹಾಕಿ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಆ ಜಾಡಿಯೇ ಇದಕ್ಕೂ ಆಗುತ್ತದೆ. ಕಾರಿನಲ್ಲಿ ಒಯ್ಯುವಾಗ ಕಿಟಕಿ ತೆರೆದಿರಲಿ. ಎಸಿ ಹಾಕಿ ಗಾಜು ಏರಿಸಿದರೆ ಆವಿಯಾದ ಸಾರಜನಕ ಆಮ್ಲಜನಕವನ್ನು ಹೊರದೂಡಿ ಉಸಿರು ಕಟ್ಟಿಸುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಸಾರಜನಕ ಸಿಗದಿದ್ದರೆ ಆರ್‌ಎನ್‌ಎ ಕಾಪಾಡುವ ಲವಣದ ದ್ರಾವಣ ಬಳಸಬಹುದು. ಆದರೆ ತೊಗರಿ ಎಲೆಯ ರೋಮ, ಮೇಣ ದಾಟಿ ಅದು ಒಳಗೆ ಇಳಿಯಲು ಎಲೆಯನ್ನು ಅರ್ಧ ಸೆಂಟಿಮೀಟರಿಗಿಂತ ಚಿಕ್ಕ ಚೂರು ಮಾಡಿ, ಹತ್ತು ಪಟ್ಟು ದ್ರಾವಣದಲ್ಲಿ ಮುಳುಗಿಸಬೇಕು. ಆ ಕತ್ತರಿಸುವಿಕೆಯೇ ಎಲೆಗೆ ಗಾಯವಾದ ಸುದ್ದಿ ಕೊಡುತ್ತದೆ ಎಂಬುದೂ ಗೊತ್ತಿರಲಿ.

ಆರ್‌ಎನ್‌ಎ ತೆಗೆಯುವುದು, ಚಿಕ್ಕದನ್ನು ಕಳೆದುಕೊಳ್ಳದೆ

ಅರೆಯುವ ಖಲ್‌ಬತ್ತವನ್ನು (ಕುಟ್ಟಾಣಿ) 180 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಸಿ ಮಾಡಿ ಇಟ್ಟಿರಿ. ಎಲೆಯನ್ನು ಸಾರಜನಕದಲ್ಲಿ ಹಿಟ್ಟಿನ ಹಾಗೆ ಅರೆಯಿರಿ. ಪುಡಿ ಮಸುಕು ಹಸಿರಿದ್ದಷ್ಟು ಹೊತ್ತು ಹೆಪ್ಪುಗಟ್ಟಿದೆ ಎಂದರ್ಥ. ಬಣ್ಣ ಗಾಢವಾಗಿ ಅಂಚಿನಲ್ಲಿ ಒದ್ದೆ ಕಂಡರೆ ಕರಗಿತು, ಆ ಮಾದರಿಯನ್ನು ಬಿಟ್ಟುಬಿಡಿ. ಕೋಣೆ 40 ಡಿಗ್ರಿ ಇರುವ ದಿನ ಇದು ಅರ್ಧ ನಿಮಿಷದಲ್ಲಿ ಆಗುತ್ತದೆ, ಆದ್ದರಿಂದ ಪುಡಿ ತೆಗೆಯುವ ಚಮಚವನ್ನೂ ಸಾರಜನಕದಲ್ಲಿ ಅದ್ದಿಯೇ ಬಳಸಿ.

100 ಮಿಲಿಗ್ರಾಂ ಪುಡಿಗೆ 1 ಮಿಲಿಲೀಟರ್ ಟ್ರೈಜಾಲ್ (ಫೀನಾಲ್, ಗ್ವಾನಿಡಿನ್ ಇರುವ ದ್ರಾವಣ) ಹಾಕಿ ಅಲ್ಲಾಡಿಸಿ, 5 ನಿಮಿಷ ಬಿಡಿ. 12,000 ಜಿ ವೇಗದಲ್ಲಿ 10 ನಿಮಿಷ ತಿರುಗಿಸಿ ಕೆಳಗೆ ಕೂತ ಕಸ ಬಿಟ್ಟು ತಿಳಿಯನ್ನು ಹೊಸ ಟ್ಯೂಬಿಗೆ ಹಾಕಿ. 200 ಮೈಕ್ರೋಲೀಟರ್ ಕ್ಲೋರೊಫಾರ್ಮ್ ಸೇರಿಸಿ 15 ಸೆಕೆಂಡ್ ಜೋರಾಗಿ ಕುಲುಕಿ, 4 ಡಿಗ್ರಿಯಲ್ಲಿ 15 ನಿಮಿಷ ತಿರುಗಿಸಿ. ಈ 4 ಡಿಗ್ರಿಗೆ ಬದಲಿ ಇಲ್ಲ. ತಂಪಿಲ್ಲದ ಯಂತ್ರದಲ್ಲಿ ಮಾಡಿದರೆ ಫೀನಾಲ್ ಮೇಲಿನ ನೀರಿನ ಪದರದಲ್ಲಿ ಹೆಚ್ಚು ಉಳಿಯುತ್ತದೆ, ನ್ಯಾನೊಡ್ರಾಪ್‌ನಲ್ಲಿ (ಬೆಳಕಿನ ಹೀರಿಕೆ ಅಳೆಯುವ ಯಂತ್ರ) ಶಿಖರ 260 ನ್ಯಾನೊಮೀಟರಿನಿಂದ 270ರ ಕಡೆ ಸರಿದು ಇಲ್ಲದ ಆರ್‌ಎನ್‌ಎ ಇದ್ದಂತೆ ಕಾಣಿಸುತ್ತದೆ.

ಮೇಲಿನ ಪದರದ ಮುಕ್ಕಾಲು ಭಾಗವನ್ನಷ್ಟೇ ಎತ್ತಿ. ತೊಗರಿಯಲ್ಲಿ ಫೀನಾಲಿಕ್ ವಸ್ತುಗಳೂ ಸಕ್ಕರೆಯ ಲೋಳೆಯೂ ಹೆಚ್ಚು. ಬರೀ ಐಸೊಪ್ರೊಪನಾಲ್ ಹಾಕಿದರೆ ಲೋಳೆಯೂ ಜೊತೆಗೇ ಕೂರುತ್ತದೆ. ಬದಲಿಗೆ 250 ಮೈಕ್ರೋಲೀಟರ್ ಐಸೊಪ್ರೊಪನಾಲ್ ಮತ್ತು 250 ಮೈಕ್ರೋಲೀಟರ್ ಉಪ್ಪಿನ ದ್ರಾವಣ ಹಾಕಿ. ಆ ದ್ರಾವಣದಲ್ಲಿ 0.8 ಮೋಲಾರ್ ಸೋಡಿಯಂ ಸಿಟ್ರೇಟ್, 1.2 ಮೋಲಾರ್ ಸೋಡಿಯಂ ಕ್ಲೋರೈಡ್ ಇರಬೇಕು. ಲೋಳೆ ದ್ರವದಲ್ಲೇ ಉಳಿಯುತ್ತದೆ. ಮೈನಸ್ 20 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ, ಚಿಕ್ಕ ಎಳೆ ಕೂರಲು ಸಮಯ ಬೇಕು. ಬೆಳಗ್ಗೆ 4 ಡಿಗ್ರಿಯಲ್ಲಿ 20 ನಿಮಿಷ ತಿರುಗಿಸಿ, 80 ಶೇಕಡಾ ಎಥನಾಲ್‌ನಲ್ಲಿ ಎರಡು ಸಲ ತೊಳೆಯಿರಿ. 70 ಶೇಕಡಾ ಎಥನಾಲ್‌ನಲ್ಲಿ ಚಿಕ್ಕವು ಸ್ವಲ್ಪ ಕರಗಿ ಹೋಗುತ್ತವೆ.

ಈಗ ಎರಡು ದೊಡ್ಡ ಗುಂಡಿಗಳ ಮಾತು. ಮೊದಲನೆಯದು ಲಿಥಿಯಂ ಕ್ಲೋರೈಡ್. ಲೋಳೆ ಹೆಚ್ಚಿರುವ ಗಿಡಗಳಿಗೆ ಸಿಟ್ಯಾಬ್ ಎಂಬ ಮಾರ್ಜಕದ ಜೊತೆ ಲಿಥಿಯಂ ಕ್ಲೋರೈಡ್ ವಿಧಾನ ಬಹಳ ಪ್ರಸಿದ್ಧ. ಜೆಲ್ ಮೇಲೆ ಎರಡು ಅಂದವಾದ ಪಟ್ಟಿ ಬರುತ್ತವೆ, 260/280 ಅನುಪಾತ (ಪ್ರೋಟೀನ್ ಮುಂತಾದ ಕಲ್ಮಶದ ಅಳತೆ) 2.0 ಇರುತ್ತದೆ, ಎಲ್ಲ ಸರಿ ಅನಿಸುತ್ತದೆ. ಆದರೆ ಲಿಥಿಯಂ ಉದ್ದದ ಆರ್‌ಎನ್‌ಎಯನ್ನು ಮಾತ್ರ ಕೂರಿಸುತ್ತದೆ. 200 ಅಕ್ಷರಕ್ಕಿಂತ ಚಿಕ್ಕವು ಬಹುಪಾಲು ಮೇಲಿನ ದ್ರವದಲ್ಲಿ ಉಳಿದು ಸಿಂಕಿಗೆ ಹೋಗುತ್ತವೆ. ಎರಡನೆಯದು ಕಾಲಂ ಕಿಟ್. ಸಾಮಾನ್ಯ ಆರ್‌ಎನ್‌ಎ ಕಿಟ್ಟಿನ ಕಾಲಮ್ಮು ಕೂಡ 200ಕ್ಕಿಂತ ಚಿಕ್ಕದನ್ನು ಹಿಡಿಯದಂತೆಯೇ ಮಾಡಿದ್ದು. ಚಿಕ್ಕದೂ ಬೇಕೆಂದರೆ ಮಾದರಿಗೆ ಒಂದೂವರೆ ಪಟ್ಟು ಶುದ್ಧ ಎಥನಾಲ್ ಬೆರೆಸಿ ಕಾಲಮ್ಮಿಗೆ ಹಾಕುವ ಕ್ರಮ ಇರುವ ಕಿಟ್ಟನ್ನೇ ತರಿಸಿ. "ಆರ್‌ಎನ್‌ಎ ಚೆನ್ನಾಗಿದೆ, ಮೈಕ್ರೋ ಆರ್‌ಎನ್‌ಎ ಮಾತ್ರ ಬರುತ್ತಿಲ್ಲ" ಎಂಬ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಈ ಎರಡೇ. ಪ್ರೈಮರ್ (ಪಿಸಿಆರ್, ಅಂದರೆ ಡಿಎನ್‌ಎ ನಕಲು ಹೆಚ್ಚಿಸುವ ವಿಧಾನ, ಶುರು ಮಾಡುವ ಚಿಕ್ಕ ಡಿಎನ್‌ಎ ತುಂಡು) ಬದಲಿಸುತ್ತ ತಿಂಗಳು ಕಳೆಯಬೇಡಿ.

260/280 ಅನುಪಾತ 1.9ರಿಂದ 2.1, 260/230 ಅನುಪಾತ 1.8ಕ್ಕಿಂತ ಮೇಲೆ ಇದ್ದರೆ ಮುಂದೆ ಹೋಗಿ. 230 ಕೆಟ್ಟಿದ್ದರೆ ಗ್ವಾನಿಡಿನ್ ಅಥವಾ ಲೋಳೆ ಉಳಿದಿದೆ, ಎಥನಾಲ್‌ನಲ್ಲಿ ಮತ್ತೆ ಕೂರಿಸಿ ತೊಳೆಯಿರಿ. ಎಲೆಯ ಆರ್‌ಎನ್‌ಎಯಲ್ಲಿ ಎರಡಕ್ಕಿಂತ ಹೆಚ್ಚು ಪಟ್ಟಿ ಕಂಡರೆ ಗಾಬರಿ ಬೇಡ, ಅವು ಹರಿತ್ತಿನ ಕಣಗಳ ರೈಬೊಸೋಮ್ ಆರ್‌ಎನ್‌ಎ. ಚಿಕ್ಕವು ಉಳಿದಿವೆಯೇ ಎಂದು ನೋಡಲು 15 ಶೇಕಡಾ ಯೂರಿಯಾ ಜೆಲ್ ಓಡಿಸಿ. ಅದರಲ್ಲಿ 5ಎಸ್ ಮತ್ತು ಟಿಆರ್‌ಎನ್‌ಎ ಪಟ್ಟಿಗಳು ದಪ್ಪಗೆ ಕಂಡರೆ ಸಾಮಾನ್ಯವಾಗಿ ಕೆಳಗಿನವೂ ಉಳಿದಿರುತ್ತವೆ. ಆಮೇಲೆ ಡಿಎನ್‌ಏಸ್ ಎಂಬ ಕಿಣ್ವ ಹಾಕಿ ಡಿಎನ್‌ಎ ತೆಗೆಯಿರಿ. ಅದರ ನಂತರ ಶುದ್ಧಿಗೆ ಸಾಮಾನ್ಯ ಕಾಲಂ ಬಳಸಿದರೆ ಮತ್ತೆ ಅದೇ ಗುಂಡಿಗೆ ಬಿದ್ದಿರಿ.

ಕರೆಂಟಿನ ಮಾತು ಇಲ್ಲಿಯೇ ಹೇಳಿಬಿಡೋಣ. ಟ್ರೈಜಾಲಿನಲ್ಲಿ ಕಲಸಿದ ಮಾದರಿಯನ್ನು ಮೈನಸ್ 80ರಲ್ಲಿ, ಐಸೊಪ್ರೊಪನಾಲಿನಲ್ಲಿ ಇರುವುದನ್ನು ಅಥವಾ 80 ಶೇಕಡಾ ಎಥನಾಲಿನಡಿ ಇರುವ ಗುಳಿಗೆಯನ್ನು ಮೈನಸ್ 20ರಲ್ಲಿ ಇಟ್ಟು ನಿಲ್ಲಿಸಬಹುದು. ನೀರಿನಲ್ಲಿ ಕರಗಿಸಿದ ಆರ್‌ಎನ್‌ಎಯನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಬಾರದು. ಕರೆಂಟ್ ಹೋದಾಗ ಡೀಪ್ ಫ್ರೀಜರಿನ ಬಾಗಿಲು ತೆಗೆದು ನೋಡುವ ಚಟವೂ ಬೇಡ.

ಕಾಂಡ-ಕುಣಿಕೆ ಪ್ರೈಮರ್

21 ಅಕ್ಷರದ ಎಳೆಗೆ ಸಾಮಾನ್ಯ ಪಿಸಿಆರ್ ಪ್ರೈಮರ್ ಜೋಡಿ ಹಿಡಿಸುವುದಿಲ್ಲ, ಒಂದು ಪ್ರೈಮರೇ ಅಷ್ಟು ಉದ್ದ ಇರುತ್ತದೆ. ಮನುಷ್ಯರ ರಕ್ತಕ್ಕೆಂದು ಮಾರುವ ಎಷ್ಟೋ ಕಿಟ್ಟುಗಳು ಎಳೆಯ ತುದಿಗೆ ಎ ಅಕ್ಷರಗಳ ಬಾಲ ಅಂಟಿಸಿ ಎಳೆಯನ್ನು ಉದ್ದ ಮಾಡುತ್ತವೆ. ಗಿಡದಲ್ಲಿ ಆ ತುದಿಗೆ ಹೆನ್-1 ಮೀಥೈಲ್ ಹಾಕಿಬಿಟ್ಟಿರುತ್ತದೆ, ಬಾಲ ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಗಿಡಕ್ಕೆ ಕಾಂಡ-ಕುಣಿಕೆ ಪ್ರೈಮರ್ ವಾಸಿ: 44 ಅಕ್ಷರದ, ತನ್ನ ಮೇಲೇ ಮಡಚಿಕೊಳ್ಳುವ ಸಾಮಾನ್ಯ ಭಾಗ, ಅದರ ತುದಿಗೆ ಮೈಕ್ರೋ ಆರ್‌ಎನ್‌ಎಯ ಕೊನೆಯ 6 ಅಕ್ಷರಕ್ಕೆ ಪೂರಕವಾದ 6 ಅಕ್ಷರ.

ಅರಬಿಡಾಪ್ಸಿಸ್‌ನ ಮಿರ್-398ಬಿ ಎಳೆಯ ಕೊನೆಯ ಆರು ಅಕ್ಷರ ಸಿ-ಸಿ-ಸಿ-ಸಿ-ಯು-ಜಿ. ಹಿಂದಿನಿಂದ ಓದಿ ಪೂರಕ ಬರೆದರೆ ಸಿ-ಎ-ಜಿ-ಜಿ-ಜಿ-ಜಿ. ಅದೇ 398ಎ ಎಳೆ ಸಿ-ಸಿ-ಸಿ-ಸಿ-ಯು-ಯು ಎಂದು ಮುಗಿಯುತ್ತದೆ, ಅದಕ್ಕೆ ಎ-ಎ-ಜಿ-ಜಿ-ಜಿ-ಜಿ. ಕೊನೆಯ ಒಂದೇ ಅಕ್ಷರದ ಫರಕು. ಆದರೆ ಆ ಅಕ್ಷರ ಕೂರುವುದು ಕುಣಿಕೆಯ ಬುಡದಲ್ಲಿ, ಕಿಣ್ವ ಕೆಲಸ ಶುರು ಮಾಡುವ ತುದಿಯಲ್ಲಲ್ಲ. ಈ ಪ್ರೈಮರ್ ಎ ಮತ್ತು ಬಿಗಳನ್ನು ಖಚಿತವಾಗಿ ಬೇರೆ ಮಾಡುತ್ತದೆಂದು ಬರೆಯಬೇಡಿ, "ಮಿರ್-398 ಕುಟುಂಬ" ಎಂದರೆ ಸಾಕು. ತೊಗರಿಯ ಜೀನೋಮ್ 2012ರಲ್ಲಿ ಆಶಾ ತಳಿಯಿಂದ ಪ್ರಕಟವಾಗಿದೆ. ನಿಮ್ಮ ಅಕ್ಷರಗಳನ್ನು ಅದರಲ್ಲಿ ತಾಳೆ ನೋಡದೆ ಪ್ರೈಮರ್ ಆರ್ಡರ್ ಮಾಡಬೇಡಿ.

ಮುಂದಿನ ಪ್ರೈಮರಿಗೆ ಎಳೆಯ ಮೊದಲ 15 ಅಕ್ಷರ, ಅದರ ಹಿಂದೆ 5–7 ಜಿ ಮತ್ತು ಸಿ ಬೆರೆತ ಅಕ್ಷರ ಸೇರಿಸಿ ಕರಗುವ ಉಷ್ಣತೆಯನ್ನು 60 ಡಿಗ್ರಿಯ ಆಸುಪಾಸಿಗೆ ತನ್ನಿ. ಕೊನೆಯ ಆರು ಅಕ್ಷರದೊಳಗೆ ಇದನ್ನು ಚಾಚಿದರೆ ಎರಡು ಪ್ರೈಮರ್‌ಗಳೇ ಒಂದನ್ನೊಂದು ಹಿಡಿದುಕೊಂಡು, ಎಲೆಯೇ ಇಲ್ಲದ ಟ್ಯೂಬಿನಲ್ಲೂ ಫಲಿತಾಂಶ ಬರುತ್ತದೆ.

20 ಮೈಕ್ರೋಲೀಟರ್ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್‌ಗೆ (ಆರ್‌ಎನ್‌ಎಯಿಂದ ಡಿಎನ್‌ಎ ನಕಲು ಮಾಡುವುದು), ಅಳತೆಗಳು ಮೈಕ್ರೋಲೀಟರಿನಲ್ಲಿ: 10 ಮಿಲಿಮೋಲಾರ್ ಡಿಎನ್‌ಟಿಪಿ 0.5, 1 ಮೈಕ್ರೋಮೋಲಾರ್ ಕುಣಿಕೆ ಪ್ರೈಮರ್ 1 ಮತ್ತು ನೀರು ಸೇರಿಸಿ 65 ಡಿಗ್ರಿಯಲ್ಲಿ 5 ನಿಮಿಷ, ನಂತರ ಮಂಜುಗಡ್ಡೆಯ ಮೇಲೆ 2 ನಿಮಿಷ. ಆಮೇಲೆ 5 ಪಟ್ಟು ಬಫರ್ 4, 0.1 ಮೋಲಾರ್ ಡಿಟಿಟಿ 2, ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ತಡೆಗಾರಿ 0.1, ಕಿಣ್ವ 0.25 ಮೈಕ್ರೋಲೀಟರ್, ಕೊನೆಗೆ 200 ನ್ಯಾನೊಗ್ರಾಂ ಆರ್‌ಎನ್‌ಎ. 16 ಡಿಗ್ರಿಯಲ್ಲಿ 30 ನಿಮಿಷ, 42ರಲ್ಲಿ 30 ನಿಮಿಷ, 85ರಲ್ಲಿ 5 ನಿಮಿಷ. ಆ 16 ಡಿಗ್ರಿಯನ್ನು ಬಿಟ್ಟರೆ ಆರೇ ಅಕ್ಷರದ ಹಿಡಿತ ನಿಲ್ಲುವುದಿಲ್ಲ. ಟ್ಯೂಬನ್ನು ಮೇಜಿನ ಮೇಲೇ ಇಟ್ಟರೆ ಸಾಕೆಂಬುದು ತಂಪು ದೇಶದವರ ಲೆಕ್ಕ, ನಮ್ಮ ಮೇಜು 35 ಡಿಗ್ರಿ ಇರುತ್ತದೆ.

ಪಿಸಿಆರ್: 95 ಡಿಗ್ರಿ 5 ನಿಮಿಷ, ಆಮೇಲೆ 95ರಲ್ಲಿ 5 ಸೆಕೆಂಡ್, 60ರಲ್ಲಿ 20 ಸೆಕೆಂಡ್, 40 ಸುತ್ತು, ಕೊನೆಗೆ ಕರಗುವ ರೇಖೆ. ಯಂತ್ರಕ್ಕೆ ಯುಪಿಎಸ್ ಇರಲೇಬೇಕು. ಮಧ್ಯದಲ್ಲಿ ನಿಂತ ಓಟವನ್ನು ಮುಂದುವರಿಸಲಾಗದು, ಪ್ಲೇಟು ದಂಡ. ಹತ್ತು ಪಟ್ಟು ತೆಳುಮಾಡುತ್ತ ಹೋದ ಸರಣಿಯ ಓರೆ ಮೈನಸ್ 3.1ರಿಂದ 3.6ರ ನಡುವೆ ಇರಬೇಕು. ಆರ್‌ಎನ್‌ಎ ಇಲ್ಲದ ಟ್ಯೂಬು, ಕಿಣ್ವ ಇಲ್ಲದ ಟ್ಯೂಬು, ಎರಡೂ ಪ್ರತಿ ಪ್ಲೇಟಿನಲ್ಲಿರಲಿ. ಅವುಗಳ ಸಿಟಿ (ಸಂಕೇತ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ) ಮಾದರಿಗಿಂತ 8 ಸುತ್ತಾದರೂ ತಡವಾಗಿರಬೇಕು.

ಕತ್ತರಿಸಿದ ಸಂದೇಶವನ್ನು ಅಳೆಯುವುದು

ಸಿಎಸ್‌ಡಿ-2 ಅಳೆಯಲು ಯಾವುದೋ ಒಂದು ಪ್ರೈಮರ್ ಜೋಡಿ ಸಾಲದು. ಆಗೊ-1 ಸಂದೇಶವನ್ನು ಎರಡು ತುಂಡು ಮಾಡಿದ ಮೇಲೆ ಬಾಲದ ಕಡೆಯ ತುಂಡು ಸ್ವಲ್ಪ ಹೊತ್ತು ಜೀವಕೋಶದಲ್ಲೇ ಉಳಿಯುತ್ತದೆ. ಅದಕ್ಕೆ ಎ ಬಾಲವೂ ಇರುತ್ತದೆ. ನಿಮ್ಮ ಎರಡೂ ಪ್ರೈಮರ್ ಬಾಲದ ಕಡೆಗಿದ್ದರೆ ಸತ್ತ ತುಂಡನ್ನೇ ಎಣಿಸಿ "ಗುರಿ ಕಡಿಮೆಯಾಗಲಿಲ್ಲ" ಎನ್ನುತ್ತೀರಿ. ಕತ್ತರಿಸುವ ಜಾಗದ ಆಚೆ ಒಂದು, ಈಚೆ ಒಂದು ಪ್ರೈಮರ್ ಇಡಿ. ನಡುವೆ 100ರಿಂದ 150 ಅಕ್ಷರ. ಸಿಡಿಎನ್‌ಎಯನ್ನು (ಸಂದೇಶದ ಡಿಎನ್‌ಎ ನಕಲು) ಎ ಬಾಲಕ್ಕೆ ಅಂಟುವ ಓಲಿಗೊ ಡಿಟಿ ಪ್ರೈಮರಿನಿಂದ ಮಾಡಿ. ಆಗ ಇಡಿಯಾಗಿ ಉಳಿದ ಸಂದೇಶ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಮೈಕ್ರೋ ಆರ್‌ಎನ್‌ಎಗೆ ಹೋಲಿಕೆಯ ಆಧಾರವಾಗಿ ಯು6 ಎಂಬ ಚಿಕ್ಕ ಆರ್‌ಎನ್‌ಎ ಬಳಸುವುದು ರೂಢಿ, ಗುರಿಗೆ ಆ್ಯಕ್ಟಿನ್. ಬಿಸಿಗೆ ಇವೇ ಅಲುಗಾಡುವುದುಂಟು. ಮೂರು ಆಧಾರಗಳನ್ನಾದರೂ ನಿಮ್ಮದೇ ಮಾದರಿಗಳಲ್ಲಿ ಪರೀಕ್ಷಿಸಿ, ಸ್ಥಿರವಾಗಿರುವ ಎರಡನ್ನು ಇಟ್ಟುಕೊಳ್ಳಿ. ಕೆಳಗಿನದು ಲೆಕ್ಕ ತೋರಿಸಲಷ್ಟೇ ಹಾಕಿದ ಅಂಕಿ, ಒಂದೇ ಆಧಾರ ಇಟ್ಟುಕೊಂಡು. ನಿಯಂತ್ರಣದಲ್ಲಿ ಮಿರ್-398ರ ಸಿಟಿ 24.1, ಯು6 18.0, ವ್ಯತ್ಯಾಸ 6.1. ಬಿಸಿಯಲ್ಲಿ 21.8 ಮತ್ತು 18.2, ವ್ಯತ್ಯಾಸ 3.6. ಎರಡರ ನಡುವೆ ಮೈನಸ್ 2.5, ಅಂದರೆ 2ರ ಘಾತ 2.5, ಸುಮಾರು 5.7 ಪಟ್ಟು ಏರಿಕೆ. ಸಿಎಸ್‌ಡಿ-2ಕ್ಕೆ ವ್ಯತ್ಯಾಸ 3.5ರಿಂದ 5.0ಕ್ಕೆ ಹೋದರೆ ಉಳಿದದ್ದು 0.35, ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು.

ಒಂದು ಏರಿ ಇನ್ನೊಂದು ಇಳಿದರೆ ಕತೆ ಹೊಂದಿತು. ಎರಡೂ ಏರಿದರೂ ತಪ್ಪಾಯಿತೆಂದು ಪ್ಲೇಟು ಎಸೆಯಬೇಡಿ. ಬಿಸಿಗೆ ಗುರಿ ಜೀನೇ ಹೆಚ್ಚು ಸಂದೇಶ ಹೊರಡಿಸುತ್ತಿರಬಹುದು, ಮೈಕ್ರೋ ಆರ್‌ಎನ್‌ಎ ಅದಕ್ಕೆ ಲಗಾಮು ಹಾಕುತ್ತಿರಬಹುದು. ಮಿರ್-398 ಏರಿದರೂ ಸಂದೇಶ ಅಲುಗದಿದ್ದರೆ ಪ್ರೋಟೀನ್ ನೋಡಿ, ಏಕೆಂದರೆ ಗಿಡದಲ್ಲೂ ಕತ್ತರಿಸದೆ ಬರೀ ತಡೆಯುವುದುಂಟು. ಇದಕ್ಕೆ ದುಬಾರಿ ಪ್ರತಿಕಾಯ ಬೇಕಿಲ್ಲ. 10 ಶೇಕಡಾ ನೇಟಿವ್ ಜೆಲ್ (ಎಸ್‌ಡಿಎಸ್ ಹಾಕದ, ಮಾದರಿ ಕುದಿಸದ ಪ್ರೋಟೀನ್ ಜೆಲ್) ಓಡಿಸಿ, ಎನ್‌ಬಿಟಿ ಬಣ್ಣ ಮತ್ತು ರೈಬೊಫ್ಲೇವಿನ್‌ನಲ್ಲಿ ನೆನೆಸಿ ಬೆಳಕಿಗೆ ಹಿಡಿದರೆ ಜೆಲ್ ಪೂರ್ತಿ ನೀಲಿಯಾಗಿ, ಕಿಣ್ವ ಇರುವಲ್ಲಿ ಮಾತ್ರ ಬಿಳಿ ಪಟ್ಟಿ ಉಳಿಯುತ್ತದೆ. ಅದೇ ಜೆಲ್ಲಿನ ಇನ್ನೊಂದು ತುಂಡನ್ನು ಮೊದಲು 5 ಮಿಲಿಮೋಲಾರ್ ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ನೆನೆಸಿ: ತಾಮ್ರ-ಸತುವಿನದೂ ಕಬ್ಬಿಣದ್ದೂ ಮಾಯವಾಗಿ ಮ್ಯಾಂಗನೀಸಿನದು ಉಳಿಯುತ್ತದೆ. ಸಯನೈಡ್ ಹಾಕಿದರೆ ತಾಮ್ರ-ಸತುವಿನದೊಂದೇ ಹೋಗುತ್ತದೆ, ಆದರೆ ಫ್ಯೂಮ್ ಹುಡ್ ಇಲ್ಲದ ಕೋಣೆಯಲ್ಲಿ ಅದರ ಹೆಸರೂ ಎತ್ತಬೇಡಿ.

ಮಿರ್-398 ಏರಿದ್ದಕ್ಕೇ ಸಿಎಸ್‌ಡಿ-2 ಇಳಿಯಿತು ಎಂದು ಹೇಳಲು ಇಷ್ಟು ಸಾಲದು. ಬಾಲದ ಕಡೆಯ ತುಂಡಿನ ಕತ್ತರಿಸಿದ ತುದಿಯಲ್ಲಿ ಒಂದು ಫಾಸ್ಫೇಟ್ ಬಯಲಾಗಿರುತ್ತದೆ. ಇಡೀ ಸಂದೇಶಕ್ಕೆ ಅಲ್ಲಿ ಟೋಪಿ (ಕ್ಯಾಪ್) ಇರುತ್ತದೆ. ಆರ್‌ಎನ್‌ಎ ಅಡಾಪ್ಟರನ್ನು ನೇರವಾಗಿ, ಟೋಪಿ ತೆಗೆಯುವ ಕಿಣ್ವ ಬಳಸದೆ ಅಂಟಿಸಿದರೆ ಅದು ಟೋಪಿ ಇಲ್ಲದ ತುಂಡುಗಳಿಗೆ ಮಾತ್ರ ಅಂಟುತ್ತದೆ. ಅದನ್ನು ಹೆಚ್ಚಿಸಿ 10ರಿಂದ 15 ಕ್ಲೋನ್ ಓದಿಸಿ. ಬಹುಪಾಲು ಕ್ಲೋನುಗಳು 10–11ನೇ ಅಕ್ಷರದ ಎದುರಿಗೇ ಶುರುವಾದರೆ ಕತ್ತರಿಸಿದ್ದು ಮಿರ್-398 ಎಂಬುದಕ್ಕೆ ಗಟ್ಟಿ ಸಾಕ್ಷಿ. ಅಲ್ಲಲ್ಲಿ ಚದುರಿದ್ದರೆ ಅದು ಬರೀ ಕೊಳೆತ ಆರ್‌ಎನ್‌ಎ.

ಇನ್ನೂ ಮುಂದೆ ಹೋಗುವವರು ತಂಬಾಕಿನ ಬಂಧು ನಿಕೋಟಿಯಾನ ಬೆಂತಮಿಯಾನ ಎಲೆಯಲ್ಲಿ ಮಿರ್-398ರ ಜೀನನ್ನೂ ಗುರಿಯನ್ನೂ ಒಟ್ಟಿಗೆ ಆಗ್ರೊಬ್ಯಾಕ್ಟೀರಿಯಂ (ಗಿಡಕ್ಕೆ ಡಿಎನ್‌ಎ ದಾಟಿಸುವ ಬ್ಯಾಕ್ಟೀರಿಯಾ) ಮೂಲಕ ಚುಚ್ಚುತ್ತಾರೆ. ಜೊತೆಗೆ, ಪ್ರೋಟೀನ್ ಬದಲಾಗದಂತೆ ಅಕ್ಷರ ಮಾತ್ರ ಬದಲಿಸಿ ಕತ್ತರಿಗೆ ಸಿಗದಂತೆ ಮಾಡಿದ ಗುರಿಯನ್ನೂ ಇಡುತ್ತಾರೆ. ಬ್ಯಾಕ್ಟೀರಿಯಾ ದ್ರವದ ಆಪ್ಟಿಕಲ್ ಡೆನ್ಸಿಟಿ 0.5, ಎಲೆ ಕೀಳುವುದು 48ರಿಂದ 72 ತಾಸಿನ ನಂತರ. ಚುಚ್ಚಿದ ಮೇಲೆ ಗಿಡವನ್ನು 22 ಡಿಗ್ರಿಯ ಆಸುಪಾಸಿನಲ್ಲೇ ಇಡಬೇಕು. 29 ಡಿಗ್ರಿಗೆ ಆಗ್ರೊಬ್ಯಾಕ್ಟೀರಿಯಂ ಡಿಎನ್‌ಎ ದಾಟಿಸುವ ಕೆಲಸವನ್ನೇ ಬಿಟ್ಟುಬಿಡುತ್ತದೆ. ಎಸಿ ಕೋಣೆ ಇಲ್ಲದಿದ್ದರೆ ಈ ಕೆಲಸವನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.